ಸದ್ದಿನ ಮುಂದ ನೋಡು

ವಿಮಾನದ ಸದ್ದು ಬಂದ ಕಡೆ ವಿಮಾನ ಇರುವುದಿಲ್ಲ. ಇದನ್ನು ನನಗೆ ಕಲಿಸಿದವಳು ನಮ್ಮವ್ವ. ಮಿರಜಿನ ಮನೆಯ ಮಾಳಿಗೆಯ ಮೇಲೆ ಹಪ್ಪಳ ಒಣಹಾಕಿ, ಕಾಗೆ ಬಾರದಂತೆ ಕೋಲು ಹಿಡಿದು ಇಬ್ಬರೂ ಕೂತಿದ್ದೆವು. ನನಗೆ ಆಗ ಆರೋ ಏಳೋ ವರ್ಷ. ಗುಡುಗು ಮುಗಿದ ಮೇಲೂ ಉಳಿಯುತ್ತದಲ್ಲ, ಅಂಥ ಮೊರೆತ ಕೇಳಿತು. ಕತ್ತೆತ್ತಿ ಸದ್ದಿರುವಲ್ಲಿ ಹುಡುಕಿದೆ. ಬರೀ ನೀಲಿ. "ಅಲ್ಲಿ ಅಲ್ಲೋ, ಸದ್ದಿನ ಮುಂದ ನೋಡು" ಅಂದಳು ಅವ್ವ. ಅವಳ ಬೆರಳು ತೋರಿಸಿದ ಕಡೆ, ಸದ್ದಿಗಿಂತ ಬಹಳ ಮುಂದೆ, ಸೂಜಿಯಷ್ಟು ಸಣ್ಣ ಬಿಳಿ ಚೂರೊಂದು ಹಿಂದೆ ನೂಲು ಬಿಡುತ್ತ ಸಾಗಿತ್ತು.

ಲೆಕ್ಕ ಆಮೇಲೆ ಶಾಲೆಯಲ್ಲಿ ತಿಳಿಯಿತು. ಹತ್ತು ಕಿಲೋಮೀಟರ್ ಎತ್ತರದಿಂದ ಸದ್ದು ನೆಲಕ್ಕಿಳಿಯಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ಜೆಟ್ ವಿಮಾನ ಆರೇಳು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಲೆಕ್ಕ ತಿಳಿದರೂ ಬೆರಗು ಕಡಿಮೆಯಾಗಲಿಲ್ಲ. ಇವತ್ತಿಗೂ ಮೊರೆತ ಕೇಳಿದರೆ ನನ್ನ ಕಣ್ಣು ಮೊದಲು ತಪ್ಪು ಜಾಗಕ್ಕೇ ಹೋಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ.

ಅವ್ವನಿಗೆ ಈ ಪಾಠ ಆದದ್ದು 1961ರ ಡಿಸೆಂಬರಿನಲ್ಲಿ. ಆಗ ಅವಳಿಗೆ ಹನ್ನೊಂದು ವರ್ಷ, ಮನೆ ರೈಲ್ವೆ ಸ್ಟೇಷನ್ನಿನ ಹತ್ತಿರ. ಪೋರ್ಚುಗೀಸರ ಕೈಯಲ್ಲಿದ್ದ ಗೋವೆಗೆ ಹೊರಟ ನಮ್ಮ ಸೇನೆ ಬೆಳಗಾವಿಯಲ್ಲಿ ಬಂದು ಸೇರುತ್ತಿದ್ದ ದಿನಗಳು ಅವು. ಪುಣೆಯಿಂದ ಬೆಳಗಾವಿಗೆ ರೈಲು ಹೋಗಬೇಕೆಂದರೆ ಮಿರಜ್ ಜಂಕ್ಷನ್ ದಾಟಲೇಬೇಕು. ಮೀಟರ್ ಗೇಜಿನ ಸಣ್ಣ ಡಬ್ಬಿಗಳ ತುಂಬ ಜವಾನರು. ಓಣಿಯ ಹೆಂಗಸರು ಭಡಂಗ, ಶೇಂಗಾ ಉಂಡಿ ಕಟ್ಟಿಕೊಂಡು ಹೋಗಿ ಕಿಟಕಿಯಲ್ಲಿ ಕೊಟ್ಟು ಬರುತ್ತಿದ್ದರು. ಒಂದು ದಿನ ಮೇಲೆ ಯಾವುದೋ ವಿಮಾನದ ಸದ್ದಾಯಿತು. ಪ್ಲಾಟ್‌ಫಾರ್ಮಿನ ಮಕ್ಕಳೆಲ್ಲ ಸದ್ದಿನ ಕಡೆಗೇ ನೋಡಿದರು. ಭಾಷೆ ಬಾರದ ಒಬ್ಬ ಸೈನಿಕ ನಕ್ಕು, ಅವ್ವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೆ ತಿರುಗಿಸಿದನಂತೆ. ಅಲ್ಲಿತ್ತು ವಿಮಾನ. ಆ ಕೈಯ ಬಿಸಿ ಈಗಲೂ ನೆನಪಿದೆ ಎನ್ನುತ್ತಾಳೆ. ಅವನು ಊರಿಗೆ ಮರಳಿದನೋ ಇಲ್ಲವೋ ಎಂದು ಅವಳು ಎಷ್ಟೋ ಸಲ ಕೇಳಿಕೊಂಡಿದ್ದಾಳೆ.

ಅದೇ ಡಿಸೆಂಬರ್ 18ರ ಬೆಳಿಗ್ಗೆ ಪುಣೆಯಿಂದ ಹನ್ನೆರಡು ಕ್ಯಾನ್‌ಬೆರಾ ಬಾಂಬರ್‌ಗಳು ಗೋವೆಯ ದಾಬೋಳಿ ವಿಮಾನ ನಿಲ್ದಾಣದ ಮೇಲೆ ಹೋದವು. ಮುಂದಾಳು ವಿಂಗ್ ಕಮಾಂಡರ್ ಎನ್. ಬಿ. ಮೆನನ್. ಕೆಲವೇ ನಿಮಿಷಗಳಲ್ಲಿ 63,000 ಪೌಂಡ್ ಬಾಂಬು ರನ್‌ವೇ ಮೇಲೆ ಬಿತ್ತು. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ, ಸಾಂಗಲಿಯ ಪೇಟೆಯಿಂದ ಹೊರಡುವ ಮೂರು ಲಾರಿ ಅರಿಶಿನದ ತೂಕ. ನಂತರ ಇನ್ನೂ ಎಂಟು ಕ್ಯಾನ್‌ಬೆರಾಗಳು ಹೋದವು. ನಿಲ್ದಾಣದ ಕಟ್ಟಡಕ್ಕೆ, ಅಲ್ಲಿ ನಿಂತಿದ್ದ ಎರಡು ದೊಡ್ಡ ನಾಗರಿಕ ವಿಮಾನಗಳಿಗೆ ಪೆಟ್ಟಾಗದಂತೆ ಬಾಂಬು ಹಾಕಿದ್ದರು. ಆ ರಾತ್ರಿ ಪೋರ್ಚುಗೀಸರು ಕುಳಿ ಬಿದ್ದ ರನ್‌ವೇಯನ್ನು ಅವಸರದಲ್ಲಿ ಮುಚ್ಚಿ, ಆ ಎರಡೂ ವಿಮಾನಗಳನ್ನು ಕತ್ತಲೆಯಲ್ಲೇ ಕರಾಚಿಯ ಕಡೆ ಹಾರಿಸಿದರು. ಮರುದಿನ ಗೋವೆ ಶರಣಾಯಿತು. ಸುಮಾರು ನಾಲ್ಕೂವರೆ ಶತಮಾನದ ಆಳ್ವಿಕೆ ಎರಡು ದಿನದಲ್ಲಿ ಮುಗಿಯಿತು.

ಒಮ್ಮೆ ಭೂಪಟದ ಮೇಲೆ ಅವ್ವನ ಹೊಲಿಗೆ ದಾರ ಹಿಡಿದು ನೋಡಿದೆ. ಒಂದು ತುದಿ ಪುಣೆಯ ಲೋಹಗಾಂವ್, ಇನ್ನೊಂದು ತುದಿ ದಾಬೋಳಿ. ದಾರ ನೆಟ್ಟಗೆ ತೆಂಕಣಕ್ಕೆ ಇಳಿಯುತ್ತದೆ, 350 ಕಿಲೋಮೀಟರಿನಷ್ಟು. ವಾಯಿಯ ಮೇಲೆ ಕೃಷ್ಣೆಯನ್ನು ದಾಟುತ್ತದೆ, ಪಾಟಣದ ಮೇಲೆ ಕೊಯ್ನೆಯನ್ನು ದಾಟುತ್ತದೆ, ಸಾವಂತವಾಡಿಯನ್ನು ಹಾಯ್ದು ಗೋವೆ ಸೇರುತ್ತದೆ. ನಮ್ಮ ಊರು ಆ ದಾರದಿಂದ ಮೂಡಣಕ್ಕೆ ಸುಮಾರು 80 ಕಿಲೋಮೀಟರ್. ವಿಮಾನಗಳು ದಾರ ಹಿಡಿದು ಹಾರುವುದಿಲ್ಲ ನಿಜ. ಆದರೂ ದಾರದ ಕೆಳಗಿನ ಎರಡೂ ನೀರು ಕರಾಡದಲ್ಲಿ ಕೂಡಿ ಸಾಂಗಲಿಗೇ ಬರುತ್ತವೆ. ಗಣಪತಿ ದೇವಾಲಯದ ಹತ್ತಿರ, 1929ರ ಆಯರ್ವಿನ್ ಸೇತುವೆಯ ಕೆಳಗೆ ಹರಿಯುವ ನೀರು ಅದೇ. ಆಕಾಶದಲ್ಲಿ ಅರ್ಧ ಗಂಟೆಯಲ್ಲಿ ಮುಗಿದ ದಾರಿಯ ಕೆಳಗಿನ ನೀರು, ಸಾವಕಾಶವಾಗಿ, ದಿನ ತೆಗೆದುಕೊಂಡು ನಮ್ಮ ಘಾಟಿಗೆ ಬಂದಿರುತ್ತದೆ. ಸೇತುವೆಯ ಮೇಲೆ ನಿಂತಾಗ ಇದು ನನ್ನನ್ನು ಹಿಡಿದು ನಿಲ್ಲಿಸುತ್ತದೆ.

ಈ ಕ್ಯಾನ್‌ಬೆರಾ ಬ್ರಿಟನ್ನಿನ ಮೊದಲ ಜೆಟ್ ಬಾಂಬರ್. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟೆಡ್ಡಿ ಪೆಟರ್ ಎಂಬ ಎಂಜಿನಿಯರರ ಕಲ್ಪನೆಯಲ್ಲಿ ಹುಟ್ಟಿದ್ದು. 1949ರ ಮೇ 13, ಶುಕ್ರವಾರ, ರೋಲಂಡ್ ಬೀಮಂಟ್ ಅದನ್ನು ಮೊದಲ ಬಾರಿ ಹಾರಿಸಿದರು. ಅಗಲವಾದ ಮೊಂಡು ರೆಕ್ಕೆ, ಎರಡು ರೋಲ್ಸ್-ರಾಯ್ಸ್ ಏವನ್ ಎಂಜಿನ್, ಗುಂಡಗಿನ ಮೈ. ಶತ್ರುವಿನಿಂದ ಕಾಪಾಡಿಕೊಳ್ಳಲು ಸುತ್ತ ಬಂದೂಕಿನ ಗೂಡುಗಳಿರಲಿಲ್ಲ. ಯಾರೂ ಮುಟ್ಟದಷ್ಟು ಎತ್ತರಕ್ಕೆ, ಯಾರೂ ಹಿಡಿಯದಷ್ಟು ವೇಗದಲ್ಲಿ ಹೋಗುವುದೇ ಅದರ ರಕ್ಷೆ. 1957ರ ಆಗಸ್ಟಿನಲ್ಲಿ ರಾಕೆಟ್ ಜೋಡಿಸಿದ ಒಂದು ಕ್ಯಾನ್‌ಬೆರಾ 70,310 ಅಡಿ ಏರಿ ದಾಖಲೆ ಮಾಡಿತು. ಅಷ್ಟು ಎತ್ತರದಲ್ಲಿ ಹಗಲಿನಲ್ಲೂ ಆಕಾಶ ಕಪ್ಪಾಗುತ್ತದೆ. ಅದೇ ವರ್ಷ ಭಾರತ ಈ ವಿಮಾನಗಳನ್ನು ಕೊಂಡಿತು.

ಅದರ ಮೈಯಲ್ಲಿ ಎರಡು ಸಂಗತಿಗಳು ನನ್ನನ್ನು ಬಿಡುವುದಿಲ್ಲ. ಮೊದಲನೆಯದು, ಬಾಲದ ಮೇಲೆ ನೆಟ್ಟಗೆ ನಿಂತ ರೆಕ್ಕೆಯ ಮುಂಭಾಗ ಮರದ್ದು. ಉಳಿದ ಮೈಯೆಲ್ಲ ಲೋಹ, ಅಷ್ಟು ಮಾತ್ರ ಬಡಗಿಯ ಕೆಲಸ. ಬ್ರಿಟನ್ನಿನ ಮೊದಲ ಜೆಟ್ ಬಾಂಬರಿನಲ್ಲಿ ಉಳಿ, ಮರಗೋಂದು ಹಿಡಿದ ಯಾರದೋ ಕೈ ಇತ್ತು. ಎರಡನೆಯದು, ಭಾರತ ಕೊಂಡ ಬಾಂಬರಿನಲ್ಲಿ ಚಾಲಕನಿಗೆ ಮಾತ್ರ ಮೇಲೆ ಗಾಜಿನ ಗುಮ್ಮಟ, ಹೊರಗೆ ಚಿಮ್ಮುವ ಕುರ್ಚಿ. ದಾರಿ ಹೇಳುವ ನ್ಯಾವಿಗೇಟರ್ ಮೂಗಿನೊಳಗೆ ಇರುತ್ತಿದ್ದ. ಬಾಂಬು ಹಾಕುವ ಹೊತ್ತಿಗೆ ಆತ ಹೊಟ್ಟೆಯ ಮೇಲೆ ಮಲಗಿ ಗಾಜಿನಿಂದ ಕೆಳಗೆ ನೋಡಬೇಕು. ಆತನಿಗೆ ಚಿಮ್ಮುವ ಕುರ್ಚಿ ಇರಲಿಲ್ಲ. ಏನಾದರೂ ಆದರೆ ಬಾಗಿಲು ತೆಗೆದು ಪ್ಯಾರಾಚೂಟ್ ಕಟ್ಟಿಕೊಂಡು ತಾನೇ ಹಾರಬೇಕು. ಕೂಸು ತೊಟ್ಟಿಲಿನಿಂದ ಬಗ್ಗಿ ನೋಡುವ ಹಾಗೆ ನೆಲವನ್ನು ನೋಡುತ್ತ ಮಲಗಿದ ಮನುಷ್ಯ. ಆತ ಕಂಡ ಹೊಲ, ಕೆರೆ, ಕೆಂಪು ಹೆಂಚಿನ ಮನೆ, ಅವನ್ನು ಅಷ್ಟು ಚೆಂದವಾಗಿ ಕಂಡವರು ಬಹಳ ಜನ ಇರಲಾರರು. ನೋಡುವ ಕೆಲಸವೂ ಒಡೆಯುವ ಕೆಲಸವೂ ಒಂದೇ ಗಾಜಿನ ಹಿಂದೆ ಇತ್ತು.

ಕ್ಯಾನ್‌ಬೆರಾದ ಹಿಂದೆಯೇ ಬ್ರಿಟನ್ ಅದಕ್ಕಿಂತ ದೊಡ್ಡ ಮೂರು ಬಾಂಬರ್‌ಗಳನ್ನು ಕಟ್ಟಿತು. ವ್ಯಾಲಿಯಂಟ್, ವಲ್ಕನ್, ವಿಕ್ಟರ್. ಮೂರರ ಹೆಸರೂ ಇಂಗ್ಲಿಷಿನ ವಿ ಅಕ್ಷರದಿಂದ ಶುರು, ಅದಕ್ಕೇ ವಿ-ಬಾಂಬರ್ ಎಂಬ ಹೆಸರು. ವ್ಯಾಲಿಯಂಟ್ 1951ರಲ್ಲಿ, ಉಳಿದೆರಡು 1952ರಲ್ಲಿ ಮೊದಲು ಹಾರಿದವು. ಅಣುಬಾಂಬು ಹೊತ್ತು ಸೋವಿಯತ್ ನೆಲದವರೆಗೆ ಹೋಗುವುದಕ್ಕೆಂದೇ ಮಾಡಿದವು. ಗಾಳಿಪಟದಂಥ ತ್ರಿಕೋನದ ವಲ್ಕನ್ ಮೇಲೇರುವುದನ್ನು ಮೊದಲು ಒಂದು ಹಳೆಯ ಚಿತ್ರದಲ್ಲಿ ನೋಡಿದಾಗ ನನ್ನ ಬಾಯಿಂದ "ಅಬ್ಬಾ" ಎಂದು ಬಂದದ್ದನ್ನು ಮುಚ್ಚಿಡುವುದಿಲ್ಲ. ಆಮೇಲೆ ಅದರ ಬಣ್ಣದ ಕಥೆ ಓದಿದೆ. ಅವುಗಳ ಮೈಗೆ ಅಚ್ಚ ಬಿಳಿ ಬಳಿದಿದ್ದರು. ತಾನೇ ಹಾಕಿದ ಬಾಂಬಿನ ಬೆಳಕು ತನ್ನನ್ನೇ ಸುಡದಿರಲಿ, ತಿರುಗಿ ಹೋಗಲಿ ಎಂದು ಆ ಬಿಳಿ. ಒಳಗಿನ ಸಿಬ್ಬಂದಿಗೆ ಒಂದು ಕಣ್ಣು ಮುಚ್ಚುವ ಪಟ್ಟಿ ಕೊಡುತ್ತಿದ್ದರು. ಬೆಳಕಿಗೆ ಒಂದು ಕಣ್ಣು ಹೋದರೆ ಪಟ್ಟಿ ತೆಗೆದು ಇನ್ನೊಂದು ಕಣ್ಣಿನಿಂದ ವಿಮಾನ ನಡೆಸಲಿ ಎಂದು. ವಲ್ಕನ್ನಿನಲ್ಲಿ ಐದು ಜನ. ಮುಂದಿನ ಇಬ್ಬರಿಗೆ ಚಿಮ್ಮುವ ಕುರ್ಚಿ, ಹಿಂದೆ ಕೂತ ಮೂವರಿಗೆ ಇಲ್ಲ.

ಆ ಪಟ್ಟಿಯ ಬಗ್ಗೆ ಓದಿದ ರಾತ್ರಿ ನಾನು ಬಹಳ ಹೊತ್ತು ನಿದ್ದೆ ಮಾಡಲಿಲ್ಲ. ಒಬ್ಬ ಎಂಜಿನಿಯರೋ ವೈದ್ಯನೋ ಮೇಜಿನ ಮುಂದೆ ಕೂತು, ಶಾಂತವಾಗಿ, ಒಂದು ಕಣ್ಣನ್ನು ಖರ್ಚಿಗೆ ಬರೆದು ಇನ್ನೊಂದನ್ನು ಉಳಿಸಿಟ್ಟಿದ್ದ. 1956ರ ಅಕ್ಟೋಬರ್ 11ರಂದು ಆಸ್ಟ್ರೇಲಿಯಾದ ಮಾರಲಿಂಗಾದಲ್ಲಿ ಒಂದು ವ್ಯಾಲಿಯಂಟ್ ಬ್ರಿಟನ್ನಿನ ಪರವಾಗಿ ಮೊದಲ ಬಾರಿ ವಿಮಾನದಿಂದ ಅಣುಬಾಂಬು ಹಾಕಿ ಪರೀಕ್ಷೆ ಮಾಡಿತು. ಅದು ಅಲ್ಲಿಯ ಮೂಲನಿವಾಸಿಗಳ ನೆಲ. ಅವರ ಕಣ್ಣಿಗೆ ಪಟ್ಟಿ ಕೊಟ್ಟವರು ಯಾರೂ ಇರಲಿಲ್ಲ. ಯುದ್ಧದಲ್ಲಿ ಆ ಮೂರೂ ವಿಮಾನಗಳು ಎಂದೂ ಅಣುಬಾಂಬು ಹಾಕಲಿಲ್ಲ ಎಂಬುದು ಈ ಕಥೆಯಲ್ಲಿ ನನಗೆ ಉಸಿರಾಡಲು ಸಿಗುವ ಜಾಗ. 1969ರ ಮಧ್ಯಕ್ಕೆ ಆ ಹೊಣೆ ಜಲಾಂತರ್ಗಾಮಿಗಳಿಗೆ ಹೋಯಿತು. ವಲ್ಕನ್ ಬಾಂಬು ಹಾಕಿದ್ದು 1982ರಲ್ಲಿ, ಫಾಕ್ಲೆಂಡಿನಲ್ಲಿ, ಅದೂ ಸಾಮಾನ್ಯ ಬಾಂಬು. ಮೊದಲ ಸಲ ಹೋದ ಒಂದೇ ಒಂದು ವಲ್ಕನ್ನಿಗೆ ಆಕಾಶದಲ್ಲೇ ಎಣ್ಣೆ ಕುಡಿಸಲು ಹನ್ನೊಂದು ವಿಕ್ಟರ್‌ಗಳು ಎದ್ದಿದ್ದವು.

ಹಾಗಾದರೆ ನನ್ನ "ಅಬ್ಬಾ" ತಪ್ಪೇ? ಇದನ್ನು ನಾನು ವರ್ಷಗಟ್ಟಲೆ ಕೇಳಿಕೊಂಡಿದ್ದೇನೆ. ಭರತ ನಾಟ್ಯಶಾಸ್ತ್ರದಲ್ಲಿ ರಸಗಳ ಹುಟ್ಟು ಹೇಳುವಾಗ ಅದ್ಭುತ ವೀರದಿಂದ ಹುಟ್ಟುತ್ತದೆ ಎನ್ನುತ್ತಾನೆ, ಭಯಾನಕ ಬೀಭತ್ಸದಿಂದ. ಎರಡಕ್ಕೂ ಬೇರೆ ಬೇರೆ ತಾಯಿ. ಬಿಳಿ ವಲ್ಕನ್ನಿನ ಮುಂದೆ ನಿಂತರೆ ಈ ಎರಡು ಮಕ್ಕಳೂ ಕೈ ಹಿಡಿದುಕೊಂಡೇ ಬರುತ್ತವೆ, ಒಂದನ್ನು ಹೊರಗೆ ನಿಲ್ಲಿಸಿ ಇನ್ನೊಂದನ್ನು ಒಳಗೆ ಕರೆಯುವುದು ನನ್ನಿಂದಾಗಿಲ್ಲ. ನಮ್ಮ ಭಾಷೆಯ ಬೆರಗು ಎಂಬ ಮಾತಿನಲ್ಲಿ ಮೆಚ್ಚುಗೆ ಇದೆ, ಜೊತೆಗೆ ಏನೂ ತೋಚದೆ ನಿಂತುಬಿಡುವುದೂ ಇದೆ. ನಿಲ್ಲುವುದು ಮುಖ್ಯ ಎಂದು ನನಗೆ ಅನ್ನಿಸುತ್ತದೆ. ನಿಂತವನು ಮುಂದಿನ ಹೆಜ್ಜೆ ಇಡುವ ಮೊದಲು ನೆಲ ನೋಡುತ್ತಾನೆ.

ಹಾಗೆ ನಿಂತು ಬೇರೆ ಹೆಜ್ಜೆ ಇಟ್ಟವರು ನಮ್ಮ ಮಿರಜಿನಲ್ಲೇ ಇದ್ದಾರೆ, ಸಿತಾರ ಮಾಡುವವರ ಓಣಿಯಲ್ಲಿ. ಗಾಯಕ ಅಬ್ದುಲ್ ಕರೀಂ ಖಾನರು ಮಲಗಿರುವ ಮೀರಾಸಾಹೇಬ ದರ್ಗಾದ ಊರಿನಲ್ಲಿ ಆ ಓಣಿ ಇರುವುದು ತಕ್ಕದ್ದೇ. ಹೊರಗಿನವರಿಗೆ ಬಹುಶಃ ಗೊತ್ತಿಲ್ಲದ ಮಾತೆಂದರೆ, ಈ ಮನೆತನಗಳ ಹಿರಿಯರು ಶಿಕಲಗಾರರು. ಕತ್ತಿ, ಬಾಕು, ಗುರಾಣಿಗೆ ಸಾಣೆ ಹಿಡಿದು ಹೊಳಪು ಕೊಡುವ ಕಸುಬು. ಇಂಗ್ಲಿಷರ ಆಳ್ವಿಕೆ ಗಟ್ಟಿಯಾಗುತ್ತ ಬಂದಂತೆ ಸಂಸ್ಥಾನಗಳಲ್ಲಿ ಕತ್ತಿಗೆ ಕೆಲಸ ಇಲ್ಲವಾಯಿತು. 19ನೆಯ ಶತಮಾನದ ನಡುವಿನ ಹೊತ್ತಿಗೆ ಫರೀದಸಾಹೇಬರು ಮತ್ತು ಅವರ ಸೋದರ ತಂತಿವಾದ್ಯ ಮಾಡಲು ಕೂತರು. ಅವರಿಂದ ಬೆಳೆದ ಕಸುಬಿಗೆ, ಮಿರಜ ಸಿತಾರ ಮತ್ತು ಮಿರಜ ತಂಬೂರಕ್ಕೆ, 2024ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು.

ಆ ಓಣಿಯ ಒಂದು ಅಂಗಡಿಯಲ್ಲಿ ಹೋದ ಚಳಿಗಾಲ ಒಂದು ಮಧ್ಯಾಹ್ನ ಕೂತಿದ್ದೆ. ಮೂಲೆಯಲ್ಲಿ ಒಣಗಿದ ಸೋರೆ ಬುರುಡೆಗಳ ರಾಶಿ. ಇಲ್ಲಿ ಭೋಪಳಾ ಅನ್ನುತ್ತಾರೆ, ಪಂಢರಪುರದ ಕಡೆಯಿಂದ ಬರುತ್ತವೆ. ತೂನ್ ಮರದ ಕೆಂಪು ಹೊಟ್ಟು ಎಲ್ಲರ ಮೊಣಕಾಲಿನ ಮೇಲೆ. ಹಿರಿಯ ಕುಶಲಿಗರೊಬ್ಬರು ತಂಬೂರಕ್ಕೆ ಜವಾರಿ ಮಾಡುತ್ತಿದ್ದರು. ತಂತಿ ಕೂರುವ ಕುದುರೆಯ ಮೇಲ್ಮೈಯನ್ನು ಅರದಿಂದ ಉಜ್ಜುವುದು, ತಂತಿ ಏರಿಸುವುದು, ಮೀಟಿ ಕೇಳುವುದು, ಇಳಿಸುವುದು, ಮತ್ತೆ ಉಜ್ಜುವುದು. ಕಣ್ಣಿಗೆ ಅದು ಸಮತಟ್ಟು. ಬೆರಳಿಗೆ ಮಾತ್ರ ತಿಳಿಯುವಷ್ಟು ಬಾಗು ಅದರಲ್ಲಿದೆ, ತಂತಿ ನಡುಗುವಾಗ ಆ ಬಾಗನ್ನು ಸವರಿ ಸವರಿ ಹೋಗಬೇಕು. "ಅಜ್ಜನ ಕೈಯಾಗ ಕತ್ತಿ ಇತ್ತರೀ, ನಮ್ಮ ಕೈಯಾಗ ಇದು. ಅರ ಹಿಡಿಯೋದು ಮಾತ್ರ ಅದ" ಎಂದರು. ಕತ್ತಿಯ ಅಂಚು ಹರಿತವಾಯಿತೇ ಎಂದು ಹೆಬ್ಬೆರಳಿನಿಂದ ಸವರಿ ನೋಡುವಂತೆಯೇ ಅವರು ಕುದುರೆಯನ್ನು ಸವರಿ ನೋಡುತ್ತಿದ್ದರು.

ಕೊನೆಗೆ ಒಂದು ಬಿಳಿ ದಾರ ತೆಗೆದರು. ಜೀವಾಳಿ. ತಂತಿಗೂ ಕುದುರೆಗೂ ನಡುವೆ ಅದನ್ನು ತೂರಿಸಿ, ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಮೀಟುತ್ತಿದ್ದರು. ಸದ್ದು ಮಂಕಾಗಿ, ಮುಚ್ಚಿದ ಬಾಯಿಯಂತೆ ಇತ್ತು. ದಾರ ಒಂದು ಜಾಗಕ್ಕೆ ಬಂದೊಡನೆ ಒಂದೇ ತಂತಿಯಿಂದ ಎಷ್ಟೋ ಸ್ವರಗಳು ಎದ್ದು ಅಂಗಡಿಯನ್ನೆಲ್ಲ ತುಂಬಿದವು. ಬುರುಡೆಗಳ ರಾಶಿಯೂ ಗುಂಯ್‌ಗುಟ್ಟಿತೇನೋ ಅನ್ನಿಸಿತು. ಭೂಪಟದ ಮೇಲೆ ಹಿಡಿದಿದ್ದ ಅವ್ವನ ದಾರ ಅಲ್ಲಿ ನನಗೆ ನೆನಪಾಯಿತು.

ಕ್ಯಾನ್‌ಬೆರಾ ಕಲ್ಪಿಸಿದ ಟೆಡ್ಡಿ ಪೆಟರ್ ಮುಂದೆ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ ರೂಪಿಸಿದರು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ, 1965ರ ಯುದ್ಧದಲ್ಲಿ ಹೆಸರು ಮಾಡಿದ್ದು ಅದೇ. ಆದರೆ ಅಷ್ಟು ಹೊತ್ತಿಗಾಗಲೇ ಪೆಟರ್ ವಿಮಾನದ ಲೋಕ ಬಿಟ್ಟಿದ್ದರು. ಸ್ವಿಟ್ಜರ್ಲೆಂಡಿಗೆ ಹೋಗಿ ಒಂದು ಧಾರ್ಮಿಕ ಸಮುದಾಯ ಸೇರಿ, ಮತ್ತೆ ಈ ಕಡೆ ತಿರುಗಲಿಲ್ಲ. ಅವರ ಮನಸ್ಸಿನಲ್ಲಿ ಏನಾಯಿತು ಎಂದು ಊಹಿಸಲು ನನಗೆ ಹಕ್ಕಿಲ್ಲ. ಅವರ ಕ್ಯಾನ್‌ಬೆರಾ ಮಾತ್ರ ಅವರಿಲ್ಲದೆ ಇನ್ನೊಂದು ಬಾಳು ಬಾಳಿತು. ಭಾರತದಲ್ಲಿ ಅದರ ಫೋಟೋ ತೆಗೆಯುವ ಮಾದರಿ ದಶಕಗಟ್ಟಲೆ ನೆಲದ ಚಿತ್ರ ತೆಗೆಯಿತು. 1999ರ ಮೇ 21ರಂದು ಕಾರ್ಗಿಲ್ಲಿನ ಬೆಟ್ಟಗಳ ಮೇಲೆ ಚಿತ್ರ ತೆಗೆಯುತ್ತಿದ್ದ ಕ್ಯಾನ್‌ಬೆರಾದ ಒಂದು ಎಂಜಿನ್ನಿಗೆ ಕ್ಷಿಪಣಿ ಬಡಿಯಿತು. ಉಳಿದ ಒಂದೇ ಎಂಜಿನ್ನಿನಲ್ಲಿ ಅದು ಇಬ್ಬರನ್ನೂ ಜೀವಂತ ನೆಲಕ್ಕೆ ತಂದಿತು. 2007ರ ಮೇ 11ರಂದು, ಐವತ್ತು ವರ್ಷ ದುಡಿದು, ಆಗ್ರಾದಲ್ಲಿ ಅದು ನಿವೃತ್ತವಾಯಿತು.

ಅಮೆರಿಕದವರು ಇದೇ ಕ್ಯಾನ್‌ಬೆರಾವನ್ನು ತಮ್ಮಲ್ಲಿ ಕಟ್ಟಿಕೊಂಡಿದ್ದರು. ಅವುಗಳಲ್ಲಿ ಉದ್ದ ರೆಕ್ಕೆಯ ಮೂರು ಇಂದಿಗೂ ನಾಸಾದ ಬಳಿ ಇವೆ. 2017ರ ಆಗಸ್ಟ್ 21ರ ಖಗ್ರಾಸ ಸೂರ್ಯಗ್ರಹಣದ ದಿನ ಅವುಗಳಲ್ಲಿ ಎರಡು ಚಂದ್ರನ ನೆರಳಿನೊಳಗೆ ಒಂದರ ಹಿಂದೆ ಒಂದು ಹಾರಿದವು. ನೆಲದ ಮೇಲೆ ನಿಂತವರಿಗೆ ಎರಡೂವರೆ ನಿಮಿಷ ಕಂಡ ಕತ್ತಲೆ ಆ ಎರಡು ವಿಮಾನಗಳ ಕಣ್ಣಿಗೆ ಸೇರಿ ಏಳು ನಿಮಿಷಕ್ಕೂ ಹೆಚ್ಚು ಹೊತ್ತು ಕಂಡಿತು. ಮೂಗಿನಲ್ಲಿ ಬಾಂಬು ಗುರಿಯಿಡುವವನು ಮಲಗುತ್ತಿದ್ದ ವಿಮಾನದ ವಂಶ. ಈಗ ಅದೇ ಮೂಗಿನಲ್ಲಿ ಸೂರ್ಯನ ಕಿರೀಟ ನೋಡುವ ದುರ್ಬೀನು.

ಗ್ರಹಣ ಅಂದರೆ ನನಗೆ 1980ರ ಫೆಬ್ರುವರಿ 16. ಖಗ್ರಾಸದ ಪಟ್ಟಿ ಅಂಕೋಲೆಯಿಂದ ಹುಬ್ಬಳ್ಳಿ, ರಾಯಚೂರಿನ ಕಡೆ ಹೋಗಿತ್ತು. ನಮಗೆ ಸೂರ್ಯ ಕುಡುಗೋಲಿನಷ್ಟು ಉಳಿದಿದ್ದ. ಓಣಿಯಲ್ಲಿ ನಾಯಿಯೂ ಇರಲಿಲ್ಲ, ಎಲ್ಲರ ಬಾಗಿಲು ಹಾಕಿತ್ತು. ಅಜ್ಜಿ ದೇವರ ಮನೆಯಲ್ಲಿ ಜಪಕ್ಕೆ ಕೂತಾಗ ಅವ್ವ ನನ್ನ ಕೈ ಹಿಡಿದು ಹಿತ್ತಲ ಬಾಗಿಲು ಒಂದು ಗೇಣು ತೆಗೆದಳು. "ಮ್ಯಾಲ ನೋಡಬ್ಯಾಡ, ನೆಲ ನೋಡು" ಅಂದಳು. ಸಗಣಿ ಸಾರಿಸಿದ ಅಂಗಳದಲ್ಲಿ ಬೇವಿನ ಗಿಡದ ನೆರಳು ಬಿದ್ದಿತ್ತು. ಎಲೆಗಳ ಸಂದಿಯಿಂದ ಇಳಿದ ಬೆಳಕಿನ ಚುಕ್ಕೆಗಳು ದಿನವೂ ದುಂಡಗಿರುತ್ತಿದ್ದವು. ಅಂದು ಒಂದೊಂದೂ ಒಂದೊಂದು ಕುಡುಗೋಲು. ನೂರಾರು ಸಣ್ಣ ಸೂರ್ಯಗಳು ನಮ್ಮ ಅಂಗಳದಲ್ಲಿ, ಗಾಳಿ ಬಂದಾಗಲೆಲ್ಲ ಒಟ್ಟಿಗೆ ಅಲುಗುತ್ತಿದ್ದವು. ಅವ್ವ ಬಗ್ಗಿ ಒಂದರ ಮೇಲೆ ಅಂಗೈ ಇಟ್ಟಳು. ಅದು ಅವಳ ಅಂಗೈ ಮೇಲೆ ಬಂತು.

ಅವ್ವನಿಗೆ ಈಗ ಎಪ್ಪತ್ತೈದು. ಕಿವಿ ಪೂರ್ತಿ ಹೋಗಿದೆ, ಕಣ್ಣು ಚೆನ್ನಾಗಿದೆ. ಹೋದ ವಾರ ಸಂಜೆ ಮಾಳಿಗೆಯ ಮೇಲೆ ಇಬ್ಬರೂ ಕೂತಿದ್ದೆವು. ನಾನು ಏನೋ ಓದುತ್ತಿದ್ದೆ. ಅವಳು ನನ್ನ ತೋಳು ಅಲುಗಿಸಿ ಪಡುವಣಕ್ಕೆ ಬೆರಳು ತೋರಿಸಿದಳು. ಬೆಳ್ಳಿಯ ಚೂರೊಂದು ಬಿಸಿಲಿಗೆ ಹೊಳೆಯುತ್ತ ಸಾಗಿತ್ತು, ಹಿಂದೆ ಉದ್ದಕ್ಕೆ ಬಿಳಿ ನೂಲು. ಸದ್ದು ಇನ್ನೂ ಬಂದಿರಲಿಲ್ಲ. ಬಂದಾಗ ತಿಳಿಸೆಂದು ಅವಳು ನನ್ನ ಮುಖವನ್ನೇ ನೋಡುತ್ತ ಕೂತಳು.